ಅಕ್ಕನ ಮೊಳ, ತಮ್ಮನ ಕೊಸರು

ನಿನ್ನೆ ಗ್ರೂಪಿನಲ್ಲಿ ಯಾರೋ ಹಾಕಿದ್ದೀರಿ: "ಅಜ್ಜಗ ಎಪ್ಪತ್ತೆಂಟಾತು, ಹೇಳೋದ್ರಾಗ ಆಗಿದ್ದು ಅರ್ಧ, ಕಟ್ಟಿದ್ದು ಅರ್ಧ." ನಾಚಿಕೆಯಾಗಬೇಕು ನಿಮಗೆ! ಮೊಬೈಲ್ ಎಲ್ಲಿಟ್ಟೆ ಎಂದು ಪಕ್ಕದವರ ಮೊಬೈಲಿನಿಂದ ಫೋನ್ ಹಚ್ಚಿ ಹುಡುಕುವ ಮಂದಿ ನೀವು, ನನ್ನ ನೆನಪಿಗೆ ಹೆಸರಿಡುತ್ತೀರಾ? ಮಾಗಳದ ಹುಲುಗೇಶನ ಕೈ ಎಷ್ಟು ಉದ್ದ ಎಂದು ಇವತ್ತಿಗೂ ಬೆರಳಿಟ್ಟು ಅಳೆದು ಹೇಳುತ್ತೇನೆ. ಬಾಯಿ ಮುಚ್ಚಿಕೊಂಡು ಕೇಳಿ.

ಹುಲುಗೇಶ ಕುರಿ ಸಾಕುವವರ ಮನೆಯ ಹುಡುಗ. ಹುಡುಗ ಎಂದರೆ ಮೂವತ್ತಾರು ವರ್ಷದವನು. ಆರಡಿಯ ಆಳು, ನೆಟ್ಟಗೆ ನಿಂತರೆ ಕೈಬೆರಳು ಮೊಣಕಾಲಿನ ಹತ್ತಿರಕ್ಕೆ ಬರುತ್ತಿದ್ದವು. ಎಂಟು ವರ್ಷದ ಹಿಂದೆ ಅವನ ಮನಸ್ಸು ಕೆಟ್ಟಿತು. ಇಲ್ಲದ ಮಂದಿಯ ಮಾತು ಕೇಳಿಸುತ್ತಿತ್ತು. ಊಟ ಬಿಟ್ಟ. ಕುರಿಗಳನ್ನು ಹೊಲದಲ್ಲೇ ಬಿಟ್ಟು ಹೊಳೆಯ ಗುಂಟ ನಡೆದು ಹೋಗಿಬಿಡುತ್ತಿದ್ದ. ಗುಳಿಗೆ ಹತ್ತಿ ಆ ಮಾತುಗಳು ನಿಂತು ಎಷ್ಟೋ ಕಾಲವಾಗಿತ್ತು. ನಿಲ್ಲದೆ ಉಳಿದದ್ದು ಅಕ್ಕ ಜಂಬಕ್ಕನ ಮಾತು ಮಾತ್ರ.

ಜಂಬಕ್ಕ ಹಡಗಲಿಯ ಬಸ್ ಸ್ಟ್ಯಾಂಡ್ ಹತ್ತಿರ ಮಲ್ಲಿಗೆ ಮಾರುತ್ತಿದ್ದಳು. ತಮ್ಮನನ್ನು ದಿನವೂ ಕರೆತಂದು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದಳು. ಅವನ ಗುಳಿಗೆ ಅವಳ ಸೆರಗಿನ ಗಂಟಿನಲ್ಲಿ, ಅವನ ನಾಲಿಗೆ ಅವಳ ಬಾಯಲ್ಲಿ. ಯಾರಾದರೂ "ಹೆಂಗದಿಯೋ ಹುಲುಗ?" ಎಂದು ಕೇಳಿದರೆ, ಅವನು ತುಟಿ ಬಿಚ್ಚುವಷ್ಟರಲ್ಲಿ ಅವಳೇ "ಆರಾಮ ಅದಾನ್ರಿ, ಎರಡು ರೊಟ್ಟಿ ತಿಂದಾನ, ಚಲೋ ನಿದ್ದಿ ಮಾಡ್ಯಾನ" ಎಂದು ವರದಿ ಒಪ್ಪಿಸುತ್ತಿದ್ದಳು. ಪ್ರೀತಿಯೇ, ಅದರಲ್ಲಿ ಅನುಮಾನವಿಲ್ಲ. ಆದರೆ ಹುಲುಗೇಶನಿಗೆ ಇದ್ದದ್ದು ಒಂದೇ ಆಸೆ: ಅಕ್ಕನಿಲ್ಲದೆ, ಆ ಬುಟ್ಟಿಯ ಮುಂದೆ ತಾನೊಬ್ಬನೇ ಕೂರಬೇಕು.

ಅದನ್ನು ಅವನು ಬಾಯಿಬಿಟ್ಟು ಹೇಳಿದ್ದು ಸುಕನ್ಯಾ ಮೇಡಂ ಹತ್ತಿರ. ಮನಸ್ಸಿನ ಕಾಯಿಲೆಯಿಂದ ಎದ್ದವರಿಗೆ ದಿನದ ಕೆಲಸಗಳನ್ನು ಮತ್ತೆ ರೂಢಿಸುವುದು ಅವರ ವೃತ್ತಿ. ಮಂಗಳವಾರಕ್ಕೊಮ್ಮೆ ಹಡಗಲಿಗೆ ಬರುತ್ತಿದ್ದರು. ಹುಲುಗೇಶನ ಜೊತೆ 'ರಿ' ಹಚ್ಚಿ ಮಾತಾಡುತ್ತಿದ್ದವರು ಅವರೊಬ್ಬರೇ.

"ಹೂ ಕಟ್ಟಾಕ ಬರ್ತೈತೇನ್ರಿ?"

"ಗುಳಿಗಿ ತಗೊಂಡ್ರ ಕೈ ನಡುಗ್ತಾವ್ರಿ."

"ಡಾಕ್ಟರಿಗೆ ಹೇಳಿ ಅದನ್ನ ನೋಡಿಸೋಣು. ಅಲ್ಲೀತನ ನಡುಗೋ ಕೈಲೇ ಕಟ್ರಿ."

ಮೊದಲ ವಾರ ಬಾಳೆನಾರು ಸೀಳುವುದರಲ್ಲೇ ಹೋಯಿತು. ಎರಡನೆಯ ವಾರ ಕಟ್ಟಿದ ದಂಡೆ ಮೇಕೆ ಮೇದು ಬಿಟ್ಟಂತಿತ್ತು. ನೋಡುತ್ತಿದ್ದ ಜಂಬಕ್ಕನ ಕೈ ತುರಿಸಿತು.

"ಕೊಡಿಲ್ಲಿ, ನಾ ಕಟ್ತೀನಿ."

"ಜಂಬಕ್ಕಾರ, ನಿಮಗೂ ಒಂದು ಕೆಲಸ ಐತಿ," ಎಂದರು ಮೇಡಂ. "ಕೈ ಕಟ್ಟಿಗೊಂಡು ಸುಮ್ನ ಕುಂದ್ರೋದು."

"ಅಯ್ಯ, ಅದೇನ್ ಕೆಲಸಾರಿ?"

"ಮಾಡಿ ನೋಡ್ರಿ."

ಜಂಬಕ್ಕ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕುಳಿತಳು. ಐದೇ ನಿಮಿಷಕ್ಕೆ ಗದ್ದೆಯ ಕಳೆ ತೆಗೆದವಳಂತೆ ಬೆವೆತುಹೋದಳು. ಹುಲುಗೇಶ ಅಂದು ಗಟ್ಟಿಯಾಗಿ ನಕ್ಕ.

ಐದಾರು ತಿಂಗಳಲ್ಲಿ ಬೆರಳು ಪಳಗಿದವು. ಗುಳಿಗೆ ಸೆರಗಿನ ಗಂಟಿನಿಂದ ಇಳಿದು ಅವನ ಅಂಗಿಯ ಜೇಬಿಗೆ ಬಂತು, ಏಳು ದಿನಕ್ಕೆ ಏಳು ಗೂಡಿನ ಡಬ್ಬಿಯಲ್ಲಿ. ಕೊನೆಗೆ ಮೇಡಂ ಮುಂದೆಯೇ ಮಾತಾಯಿತು. ಬರುವ ಶುಕ್ರವಾರ ಹುಲುಗೇಶ ಒಬ್ಬನೇ ಕೂರುವುದು. ಸುರಳೀತ ನಡೆದರೆ ಮುಂದೆಯೂ ಅವನೇ. ಇಲ್ಲವಾದರೆ ಮತ್ತೆ ಅಕ್ಕನ ಪಕ್ಕ.

ಶುಕ್ರವಾರ ಬೆಳಿಗ್ಗೆ ಮೊದಲ ಗಿರಾಕಿ ಕಲ್ಯಾಣಮ್ಮ, ಊರಿನ ಸುದ್ದಿಯನ್ನೆಲ್ಲ ಬಸ್ಸಿಗಿಂತ ಮೊದಲು ಮುಟ್ಟಿಸುವ ಹೆಂಗಸು. "ಎರಡು ಮೊಳ ಕೊಡಪ್ಪ" ಎಂದಳು. ಹೂವಿನವರ ಲೆಕ್ಕ ನಿಮಗೆ ಗೊತ್ತಲ್ಲ, ಮಾರುವವರ ಕೈಯೇ ಅಳತೆಗೋಲು. ಹುಲುಗೇಶ ತನ್ನ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಅಳೆದ. ಕಲ್ಯಾಣಮ್ಮನ ಕಣ್ಣು ಅರಳಿತು.

"ಇದು ಮೊಳಾನೋ ಮಾರೋ?"

"ಮೊಳಾನ ರಿ."

ಅವಳು ನಾಲ್ಕು ಫೋನ್ ಹಚ್ಚಿದಳು ನೋಡಿ, ಇಡೀ ಓಣಿಯೇ ಬಂದು ನಿಂತಿತು. ಹತ್ತು ಗಂಟೆಗೆಲ್ಲ ಬುಟ್ಟಿ ಬರಿದಾಯಿತು. ಹುಲುಗೇಶ ಎದೆ ಉಬ್ಬಿಸಿಕೊಂಡು ಚಹಾ ತರಿಸಿ, ಒಬ್ಬನೇ ಕುಳಿತು ಕುಡಿದ. ಅಷ್ಟು ರುಚಿಯ ಚಹಾ ಅವನು ಕುಡಿದೇ ಇರಲಿಲ್ಲ.

ಮನೆಯಲ್ಲಿ ಕೂರಲಾರದೆ ಜಂಬಕ್ಕ ಮುಂದಿನ ಬಸ್ಸಿಗೇ ಬಂದಿಳಿದಳು. ಬರಿದಾದ ಬುಟ್ಟಿ ಕಂಡು ಮೊದಲು ಹಿಗ್ಗಿದಳು. ಅಷ್ಟರಲ್ಲಿ ಕಲ್ಯಾಣಮ್ಮ ಬಾಯಿ ಹಾಕಿದಳು.

"ಮೊಳ ಅಂದ್ರ ನಿನ್ನ ತಮ್ಮಂದು, ಜಂಬಕ್ಕ! ನಿಂದು ಅದರ ಮುಂದ ಇಲಿ ಬಾಲ."

ಜಂಬಕ್ಕನ ಮುಖ ಕೆಂಪಾಯಿತು. "ಹಿಂಗ ಹಂಚಿದ್ರ ನಾವು ಮಣ್ಣು ಉಣ್ಣೋದೇನಲೇ? ನನಗ ಗೊತ್ತಿತ್ತು, ಇನ್ನಾ ನಿನ್ನ ತಲಿ ಸರಿ ಆಗಿಲ್ಲ. ನಾಳಿಂದ ನನ್ನ ಮಗ್ಗಲಾಗ ಕುಂದ್ರು."

ಎಂಟು ವರ್ಷ ಹುಲುಗೇಶ ನಕ್ಕರೆ ಕಾಯಿಲೆ, ಸಿಟ್ಟಾದರೆ ಕಾಯಿಲೆ, ಸುಮ್ಮನಿದ್ದರೆ ದೊಡ್ಡ ಕಾಯಿಲೆ. ಈಗ ತೋಳಿನ ಉದ್ದವೂ ಕಾಯಿಲೆಯಾಯಿತೇ?

"ಅಕ್ಕ, ತಲಿ ಸರಿ ಐತಿ," ಎಂದ. "ಕೈ ಉದ್ದ ಐತಿ."

ಸುತ್ತಲಿದ್ದವರು ನಕ್ಕರು. ಜಂಬಕ್ಕ ನಗಲಿಲ್ಲ. ನಕ್ಕವರನ್ನು ನೆಚ್ಚಿಕೊಂಡರೆ ನಾಳೆ ಮತ್ತೆ ಅಕ್ಕನ ಪಕ್ಕವೇ ಗತಿ ಎಂದು ಅವನಿಗೂ ಗೊತ್ತಿತ್ತು. ಕೆಲಸ ಎಲ್ಲಿ ತೊಡಕಾಯಿತೋ ಅಲ್ಲಿ ಮಾತ್ರ ಬಿಚ್ಚಿ ಕಟ್ಟಿ, ಇಡೀ ದಂಡೆ ಕೀಳಬೇಡಿ ಎಂದು ಮೇಡಂ ಹೇಳುತ್ತಿದ್ದರು. ಎದ್ದು ಹೋಗಿ, ಪಕ್ಕದ ತರಕಾರಿ ಬೆನಕಪ್ಪನ ಹತ್ತಿರ ಒಂದು ತೊಗರಿ ಕಡ್ಡಿ ಇಸಿದುಕೊಂಡು ಬಂದ.

"ಅಕ್ಕ, ಕೈ ಚಾಚು."

"ಯಾಕೋ?"

"ಚಾಚಬೇ ಸುಮ್ನ."

ಅವಳ ಮೊಣಕೈಯಿಂದ ಬೆರಳ ತುದಿಯವರೆಗೆ ಕಡ್ಡಿ ಹಿಡಿದ. ಹೆಚ್ಚಾದದ್ದನ್ನು ಲಟಕ್ಕನೆ ಮುರಿದ. ಉಳಿದದ್ದನ್ನು ಬಾಳೆನಾರಿನಿಂದ ಬುಟ್ಟಿಯ ಅಂಚಿಗೆ ಕಟ್ಟಿದ.

"ನೀ ನನ್ನ ಮಗ್ಗಲಾಗ ಇರ್ಬೇಕಲ್ಲ? ತಗಾ, ನಿನ್ನ ಕೈ ಇಲ್ಲೇ ಇರ್ತೈತಿ. ನೀ ಮನಿಗೆ ಹೋಗು."

ಜಂಬಕ್ಕ ಬಾಯಿ ತೆರೆದಳು. ಏನೂ ಬರಲಿಲ್ಲ. ಬೆನಕಪ್ಪ ಟೊಮೆಟೊ ರಾಶಿಯ ಹಿಂದಿನಿಂದ ಕೂಗಿದ: "ಹುಲುಗಪ್ಪ, ನಿಮ್ಮಕ್ಕನ ಬಾಯಿ ಕಟ್ಟಿದೆಲ್ಲಪಾ! ಆ ಕಡ್ಡಿ ನನಗೂ ಒಂದು ಕೊಡು, ಮನ್ಯಾಗ ಬೇಕಾಗೇತಿ!"

ಜಂಬಕ್ಕ ಕಡ್ಡಿಯನ್ನು ಒಮ್ಮೆ, ತಮ್ಮನನ್ನು ಒಮ್ಮೆ ನೋಡಿದಳು. ಆಮೇಲೆ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ಹೊತ್ತಿಗೆ ಸರಿಯಾಗಿ ಗುಳಿಗಿ ತಗಾ" ಎಂದಷ್ಟೇ ಹೇಳಿ, ಮಾಗಳದ ಬಸ್ಸಿನ ಕಡೆ ನಡೆದಳು.

ಮುಂದಿನ ಶುಕ್ರವಾರ ಕಲ್ಯಾಣಮ್ಮ ಮತ್ತೆ ಹಾಜರು.

"ಇದೇನೋ, ಮೊಳ ಗಿಡ್ಡ ಆಗೇತಿ?"

"ಇದು ನಮ್ಮಕ್ಕನ ಮೊಳ್ರಿ," ಎಂದು ಹುಲುಗೇಶ ಕಡ್ಡಿ ಹಿಡಿದು ಅಳೆದ. ಆಮೇಲೆ ಅದರ ಮುಂದೆ ತನ್ನ ನಾಲ್ಕು ಬೆರಳಿನಷ್ಟು ಹೂ ಹೆಚ್ಚು ಬಿಟ್ಟು ಹರಿದುಕೊಟ್ಟ. "ಇದು ನನ್ನ ಕೊಸರು."

ಅಷ್ಟರಲ್ಲಿ ಸ್ಟ್ಯಾಂಡಿನಿಂದ ಹೊರಟಿದ್ದ ಬಸ್ಸಿನ ಕಿಟಕಿಯಿಂದ ಒಂದು ತಲೆ ಹೊರಬಂತು. ತಮ್ಮನ ಕಣ್ಣಿಗೆ ಬೀಳದೆ ಬಂದು, ನೋಡಿಕೊಂಡು, ಸದ್ದಿಲ್ಲದೆ ವಾಪಸು ಹೊರಟಿದ್ದಳು ಜಂಬಕ್ಕ. ಕೊಸರು ಕಂಡ ಮೇಲೆ ತಡೆದುಕೊಳ್ಳಲಾಗಲಿಲ್ಲ.

"ಎರಡ ಬೆರಳು ಸಾಕೋ ಹುಲುಗಾ!"

ಹುಲುಗೇಶ ಬಸ್ಸಿನತ್ತ ಕೈ ಬೀಸಿದ. ಮುಂದಿನ ಗಿರಾಕಿಗೂ ನಾಲ್ಕು ಬೆರಳೇ ಬಿಟ್ಟ.

ಇಷ್ಟು ಕೇಳಿ ಮೊಬೈಲ್ ಜೇಬಿಗೆ ತುರುಕಬೇಡಿ. ಮನೆಯಲ್ಲಿ ಇಂಥ ತಮ್ಮನೋ, ಇಂಥ ಅಕ್ಕನೋ ಇರುವವರು ಹರಪನಹಳ್ಳಿಯಲ್ಲಿದ್ದಾರೆ, ಕೊಟ್ಟೂರಿನಲ್ಲಿದ್ದಾರೆ, ನಿಮ್ಮ ಓಣಿಯಲ್ಲೂ ಇದ್ದಾರೆ. ಅವರಿಗೆ ಮುಟ್ಟಿಸಿ. ಹೇಳುವಾಗ ನಿಮ್ಮದೊಂದು ಕೊಸರು ಸೇರಿಸಿದರೆ ನನ್ನದೇನೂ ತಕರಾರಿಲ್ಲ. ಮೊಳ ಮಾತ್ರ ಕಡಿಮೆ ಮಾಡಬೇಡಿ.