ಒಂದು ಟೊಪ್ಪಿಗೆ ಸಡಿಲಾಗಿತ್ತು

"ಇನ್ನಷ್ಟು ಎತ್ತಿ ಹಿಡೀರಿ, ಜಾರಾಕತ್ತಾನ!" ಎಂದು ಗೂಳಪ್ಪ ಕೂಗಿದ. ನಾಲ್ವರು ಸೇರಿ ಈರಬಸಪ್ಪನ ಹೆಣವನ್ನು ಗೋಡೆಗೆ ಒರಗಿಸಿ ಕೂಡಿಸಿದರು. ಲಿಂಗವಂತರಲ್ಲಿ ಕೂಡಿಸಿಯೇ ಮಣ್ಣು ಮಾಡುವುದು. ಹಣೆಗೆ ವಿಭೂತಿ ಬಳಿದು ಕೊರಳಿಗೆ ಹೂವು ಹಾಕಿದ ಮೇಲೆ ಅವನು ಥೇಟ್ ಊಟಕ್ಕೆ ಕುಳಿತವನಂತೆ ಕಾಣತೊಡಗಿದ. ಕಾಶವ್ವನಿಗೆ ಅದನ್ನೇ ತಡೆದುಕೊಳ್ಳಲಾಗಲಿಲ್ಲ. ಗಂಡ ಈ ಕೋಣೆಯಲ್ಲಿ ಹಾಗೆ ಕುಳಿತು ಹನ್ನೊಂದು ವರ್ಷವಾಗಿತ್ತು.

ಅದು ೧೯೩೮. ಪುಣೆಯ ರವಿವಾರ ಪೇಟೆಯ ಆ ವಾಡೆಯ ಮಾಳಿಗೆಗೆ ಬಂದವರು ಹತ್ತು ಮಂದಿಯೂ ಇರಲಿಲ್ಲ. ಮಕ್ಕಳಿಲ್ಲ. ಬೈಲಹೊಂಗಲದ ಬಳಗಕ್ಕೆ ತಂತಿ ಹೋಗಿತ್ತು, ಆದರೆ ಅವರು ರೈಲು ಹತ್ತಿ ಬರುವ ತನಕ ಹೆಣ ಕಾಯುತ್ತದೆಯೇ?

ದಂಡಿನವರಿದ್ದ ಕ್ಯಾಂಪಿನ ಹಲ್ಲಿನ ಡಾಕ್ಟರರ ಬಳಿ ಈರಬಸಪ್ಪನ ಪಕ್ಕದಲ್ಲೇ ಕುಳಿತು ಹಲ್ಲಿಗೆ ಹಾಕುವ ಬಂಗಾರದ ಟೊಪ್ಪಿಗೆ ಮಾಡುತ್ತಿದ್ದ ಭುಜಂಗ ಮೂಗು ಒರೆಸಿಕೊಂಡ. "ಅಂಥಾ ಕೈ ಮತ್ತ ಹುಟ್ಟಂಗಿಲ್ಲ ಬಿಡ್ರಿ. ಟೊಪ್ಪಿಗಿ ಕೂಡಿಸಿ, ಬಾಜೂ ಹಲ್ಲಿನ ಸಂದ್ಯಾಗ ರೇಷ್ಮಿ ಎಳಿ ಇಳಿಸಿ ನೋಡತಿದ್ದ. ಸಡ್ಲ ಇಳಿದ್ರ ಅನ್ನ ಸಿಗಬೀಳತದ, ಇಳೀಲೇ ಇಲ್ಲಂದ್ರ ಬಾಜೂ ಹಲ್ಲು ನೂಕತದ. ತುಸು ಬಿಗಿಯಾಗಿ ಇಳೀಬೇಕು. ಅವಂದು ಒಂದೂ ತಪ್ಪಿದ್ದಿಲ್ಲ."

ಸತ್ತವರ ಮನೆಯಲ್ಲಿ ಹೊಗಳಿಕೆಗೇನು ಬರ! ಆದರೆ ಒಂದು ತಪ್ಪಿತ್ತು. ಕಾಶವ್ವನ ನಾಲಿಗೆ ತಾನಾಗಿ ಎಡದವಡೆಯ ಕಡೆ ಹೋಯಿತು.

*

ಮದುವೆಯಾಗಿ ಪುಣೆಗೆ ಬಂದ ಮೊದಲ ದಿನ ಅವಳು ಗಂಡನಿಗೆ ಬಡಿಸಿ ಗೋಡೆ ಹಿಡಿದು ನಿಂತಿದ್ದಳು.

"ಇಲ್ಲೇನು ಅತ್ತಿ ಇದ್ದಾಳೇನು ಬೈಲಿಕ್ಕೆ? ನೀನೂ ಕೂಡು," ಎಂದು ಈರಬಸಪ್ಪ ಎದುರಿಗೆ ಇನ್ನೊಂದು ತಾಟು ಇಟ್ಟ. "ಒಬ್ಬನ ಉಣ್ಣೂದು ನನಗ ಸೇರಂಗಿಲ್ಲ."

ಊರಲ್ಲಿ ಯಾವ ಹೆಂಗಸಿಗಿತ್ತು ಅಂಥ ಭಾಗ್ಯ! ಮುಂದೆ ಅವಳ ದವಡೆಹಲ್ಲು ಒಡೆದಾಗ ಅವನೇ ಮೂರು ರವಿವಾರ ಕೂತು ಟೊಪ್ಪಿಗೆ ಮಾಡಿದ. ಹೆಂಡತಿಗೆಂದು ಮಾಡಿದ್ದಲ್ಲವೇ, ಹೊಳಪು ಸಾಲದೆಂದು ಉಜ್ಜಿ ಉಜ್ಜಿ ಪಕ್ಕವನ್ನೇ ಸವೆಸಿಬಿಟ್ಟಿದ್ದ. ಕೂಡಿಸುವ ದಿನ, ಡಾಕ್ಟರರ ಎದುರಿಗೆ ಹೆಂಡತಿಯ ಬಾಯಿಗೆ ಬೆರಳು ಹಾಕುವುದು ಹೇಗೆಂದು ನಾಚಿ ಎಳೆ ಇಳಿಸಿ ನೋಡಲೂ ಇಲ್ಲ. ಡಾಕ್ಟರರು ಅದನ್ನು ಹಾಗೇ ಅಂಟಿಸಿದರು.

"ಹೆಂಗ ಅದ?"

"ಭಾಳ ಚಲೋ ಅದ್ರಿ."

ಅಂದಿನ ಊಟದಲ್ಲೇ ಸೊಪ್ಪಿನ ನಾರು ಆ ಸಂದಿಗೆ ಸಿಕ್ಕಿ ಅವಳ ಕಣ್ಣಲ್ಲಿ ನೀರು ಬಂತು. ಹೇಳಿದರೆ ಟೊಪ್ಪಿಗೆಯನ್ನು ಕೊಯ್ದು ತೆಗೆಯಬೇಕು, ಅವನ ಮುಖ ಸಣ್ಣದಾಗುತ್ತದೆ. ಬೇಡವೇ ಬೇಡ! ಮುಂದೆ ದಿನವೂ ನಾಲ್ಕು ತುತ್ತಿಗೇ ಎದ್ದು ನೀರಿನ ಕಟ್ಟೆಗೆ ಹೋಗಿ, ಕಡ್ಡಿ ಹಾಕಿ ಕೆದಕುತ್ತಿದ್ದಳು.

"ಯಾಕ ಎದ್ದಿ?"

"ಹಸಿವಿಲ್ರಿ."

ಕೆಲವು ತಿಂಗಳ ಮೇಲೆ ಅವನು ಕೇಳುವುದನ್ನು ಬಿಟ್ಟ. ವರ್ಷ ತುಂಬುವಷ್ಟರಲ್ಲಿ, "ಕೆಲಸ ಭಾಳ ಅದ, ಖಾನಾವಳ್ಯಾಗ ಉಣ್ತೀನಿ," ಎಂದ. ತನ್ನ ಕೈಯಡುಗೆ ಬೇಸರವಾಯಿತೆಂದು ಅವಳು ಬಹಳ ದಿನ ಅತ್ತಳು. ಆಮೇಲೆ ಒಬ್ಬಳೇ ಉಣ್ಣುವುದು ರೂಢಿಯಾಯಿತು.

*

ಗೂಳಪ್ಪ ಆ ಖಾನಾವಳಿಯವನು. ಕಾಶವ್ವ ಅವನನ್ನು ಕಂಡದ್ದು ಇವತ್ತೇ ಮೊದಲು. ಅವನು ಅವಳ ಹತ್ತಿರ ಬಂದು ಕುಕ್ಕರಗಾಲಲ್ಲಿ ಕುಳಿತ.

"ಸಿಟ್ಟಾಗಬ್ಯಾಡ ತಂಗಿ. ಹನ್ನೊಂದು ವರ್ಷ ನನ್ನಲ್ಲಿ ಉಂಡ, ಗ್ವಾಡಿ ಕಡೆ ಮಾರಿ ಮಾಡಿ. ಒಂದಿನ ಕೇಳೇಬಿಟ್ಟೆ, ಮನ್ಯಾಗ ಹೆಂಡ್ತಿ ಇರಲಿಕ್ಕೆ ಇಲ್ಲಿ ಯಾಕೋ ಅಂತ. 'ನನ್ನ ಎದುರಿಗೆ ಆಕಿಗೆ ತುತ್ತು ಇಳಿಯಂಗಿಲ್ಲ ಗೂಳಪ್ಪ. ಎದ್ದು ಹೋಗ್ತಾಳ. ನಾ ಇಲ್ಲಂದ್ರ ಪಾಪ, ಹೊಟ್ಟಿ ತುಂಬ ಉಣ್ತಾಳ' ಅಂದ."

"ಅಯ್ಯೋ ನನ್ನಪ್ಪಾ!" ಕಾಶವ್ವ ಎದೆ ಹಿಡಿದುಕೊಂಡಳು. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಅವನ ಮುಖ ಅರೆಗಳಿಗೆ ಸಣ್ಣದಾಗುತ್ತಿತ್ತು, ಅಷ್ಟೇ. ಇನ್ನು ಸ್ವಲ್ಪ ಹೊತ್ತಿಗೆ ಆ ಮುಖವೂ ಮಣ್ಣಿನೊಳಗೆ.

ಕೆಳಗಿನ ಮನೆಯ ನರ್ಮದಾಬಾಯಿ, ಮಣ್ಣು ಮಾಡಿ ಬಂದ ಮೇಲೆ ಉಣ್ಣಲೆಂದು ರೊಟ್ಟಿ ಪಲ್ಯ ತಂದು ಮುಚ್ಚಿಟ್ಟಿದ್ದಳು.

"ಆ ತಾಟ ಇತ್ತ ಕೊಡ್ರಿ," ಎಂದಳು ಕಾಶವ್ವ.

"ಅಗಬಾಯಿ! ಆತ್ತಾ ನಕೋ!" ಈಗ ಬೇಡವೆಂದು ನರ್ಮದಾಬಾಯಿ ಹೌಹಾರಿದಳು. ಹೆಣ ಮನೆಯಲ್ಲಿರುವಾಗ ಯಾರಾದರೂ ಉಣ್ಣುತ್ತಾರೆಯೇ?

ಕಾಶವ್ವ ತಾನೇ ತಾಟು ಎತ್ತಿಕೊಂಡು ಬಂದು ಗಂಡನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತಳು. ರೊಟ್ಟಿ ಮುರಿದು ಉಣ್ಣತೊಡಗಿದಳು. "ತಲಿ ಕೆಟ್ಟದ, ಹಿಡೀರಿ ಆಕಿನ್ನ," ಎಂದ ಭುಜಂಗ. ಯಾರೂ ಹತ್ತಿರ ಹೋಗಲಿಲ್ಲ.

ಸೊಪ್ಪು ಸಂದಿಗೆ ಸಿಕ್ಕಿಕೊಂಡಿತು. ಒಸಡು ಚುರ್ ಎಂದಿತು. ಅವಳು ಏಳಲಿಲ್ಲ. ಎಲ್ಲರ ಮುಂದೆ ಬಾಯಿ ಅಗಲಿಸಿ, ಉಗುರು ಹಾಕಿ ನಾರನ್ನು ಎಳೆದು ತೆಗೆದು ಗಂಡನ ಮುಖದ ಹತ್ತಿರ ಹಿಡಿದಳು.

"ಇದಕ್ಕ ನಾ ಏಳತಿದ್ದೆ ರೀ. ಇದಕ್ಕಷ್ಟ."

ಹೊರುವವರು ಮೆಟ್ಟಿಲೇರಿ ಬಂದು ಬಾಗಿಲಲ್ಲಿ ನಿಂತರು. ಹೊತ್ತಾಯಿತೆಂದು, ಮಂತ್ರ ಹೇಳಲು ಬಂದಿದ್ದ ಅಯ್ಯನವರು ಎರಡು ಸಲ ಕೆಮ್ಮಿದರು. ಕಾಶವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ತುತ್ತು ಬಾಯಿಗಿಟ್ಟಳು. ತಾಟಿನಲ್ಲಿ ಇನ್ನೂ ಒಂದೂವರೆ ರೊಟ್ಟಿ ಇತ್ತು.