ಕಾಯಿಸುವ ಕೈ

ಬಿರುಗಾಳಿಗೆ ಸಿಕ್ಕ ಸರಕುದೋಣಿಯೊಂದು ಬಂದರಿನೊಳಗೆ ಬರಲು ವೈರ್‌ಲೆಸ್ಸಿನಲ್ಲಿ ಅನುಮತಿ ಕೇಳಿತು. ವೈರ್‌ಲೆಸ್ ಕೋಣೆಯ ಅಧಿಕಾರಿ ನಮ್ಮಪ್ಪನಿಗೆ, "ಕಾಯೋಕೆ ಹೇಳು" ಎಂದ. ಆಪರೇಟರ್ ಆಗಿದ್ದ ಅಪ್ಪ ವೈರ್‌ಲೆಸ್ಸಿನ ಕೀ ಒತ್ತಿ ಹಾಗೆಂದು ಕಳಿಸಿದ. ದೋಣಿ ಹೊರಗೆ ಕಾಯಿತು. ಕಾಯುತ್ತಲೇ ಒಡೆದು ಮುಳುಗಿತು. ಅದರಲ್ಲಿದ್ದವರು ಯಾರೂ ಉಳಿಯಲಿಲ್ಲ. ವಿಚಾರಣೆಯಲ್ಲಿ ಅಧಿಕಾರಿ, ತಾನು ಹಾಗೆ ಹೇಳಿಯೇ ಇಲ್ಲ, ಆಪರೇಟರ್ ತನ್ನಷ್ಟಕ್ಕೆ ತಾನೇ ಕಳಿಸಿದ್ದು ಎಂದ. ಅಪ್ಪನನ್ನು ಕೆಲಸದಿಂದ ತೆಗೆದರು.

ಆಮೇಲೆ ಅಪ್ಪ ಮಾತು ಕಡಿಮೆ ಮಾಡಿದ. ಬಾಯಿಯ ಬದಲು ಕೈ ಆಡುತ್ತಿತ್ತು. ಊಟಕ್ಕೆ ಕೂತರೆ ಚಮಚದಿಂದ ತಟ್ಟೆಯ ಅಂಚಿಗೆ, ಮಲಗಿದರೆ ಉಗುರಿನಿಂದ ಮಂಚದ ಪಟ್ಟಿಗೆ, ಅದೇ ಸದ್ದು: ಒಂದು ಗಿಡ್ಡ, ಒಂದು ಉದ್ದ, ಮತ್ತೆ ಮೂರು ಗಿಡ್ಡ. ಉದ್ದದ್ದನ್ನು ಬೇಕಾದ್ದಕ್ಕಿಂತ ತುಸು ಹೆಚ್ಚೇ ಎಳೆಯುತ್ತಿದ್ದ.

"ಅದೇನ್ರೀ ಅದು, ಇಲಿ ಕೆರೆದ ಹಾಗೆ!" ಎಂದು ಅಮ್ಮ ಅಡುಗೆಮನೆಯಿಂದ ರೇಗುತ್ತಿದ್ದಳು. ಅಪ್ಪ ನಿಲ್ಲಿಸುತ್ತಿದ್ದ. ಅಮ್ಮ ಅತ್ತ ತಿರುಗಿದ್ದೇ ತಡ, ಮತ್ತೆ ಶುರು. ನಾನು ಆ ಸದ್ದಿನಲ್ಲೇ ಬೆಳೆದೆ. ಅದು ಅಪ್ಪನ ಚಾಳಿ ಎಂದುಕೊಂಡಿದ್ದೆ, ಕೆಲವರು ಕಾಲು ಅಲ್ಲಾಡಿಸುತ್ತಾರಲ್ಲ, ಹಾಗೆ. ಕೊನೆಗೊಂದು ದಿನ ಅಪ್ಪನ ಉಸಿರಿನ ಜೊತೆ ಆ ಬೆರಳೂ ನಿಂತಿತು.

ನಾನು ಬಟ್ಟೆ ಕಾರ್ಖಾನೆಯಲ್ಲಿ ಶರ್ಟುಗಳಿಗೆ ಗುಂಡಿ ಹಾಕುವ ಯಂತ್ರದ ಮೇಲೆ ಕೂರುವವಳು. ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಗಡಿಯಾರ ರಿಪೇರಿ ಅಂಗಡಿಯೊಂದಿದೆ. ಅದರ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು: ಮಹಡಿಯ ಮೇಲೆ ಹವ್ಯಾಸಿಗಳ ಹ್ಯಾಮ್ ರೇಡಿಯೋ ಕ್ಲಬ್, ಮೋರ್ಸ್ ಕೋಡ್ ಉಚಿತ ತರಗತಿ, ಕಲಿಸುವವರು ಬಂದರಿನ ವೈರ್‌ಲೆಸ್ಸಿನ ನಿವೃತ್ತ ಮುಖ್ಯಸ್ಥರು. ಕೆಳಗೆ ಆ ಅಧಿಕಾರಿಯ ಹೆಸರು. ಹೆಸರಿನ ಮುಂದೆ 'ಸೇವಾನಿಷ್ಠ ಹಿರಿಯರು' ಎಂಬ ಬಾಲ ಬೇರೆ. ವಿಚಾರಣೆಯ ವರದಿಯಲ್ಲಿ ಅಪ್ಪನ ಹೆಸರಿನ ಮುಂದೆ ಏನು ಬರೆದಿದ್ದರೋ ಅದು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ: ಬೇಜವಾಬ್ದಾರ.

ಸೇರಿಕೊಂಡೆ. ಅವನ ಮುಖ ನೋಡಬೇಕಿತ್ತು. ನೋಡಿ ಏನು ಮಾಡಬೇಕೆಂದು ಇನ್ನೂ ಹೊಳೆದಿರಲಿಲ್ಲ.

ಹೊಟ್ಟೆ ಉರಿದದ್ದು ಯಾಕೆಂದರೆ, ಅವನು ಚೆನ್ನಾಗಿ ಕಲಿಸುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತನೆಯ ಮಾತು, ಎಲ್ಲರ ಬಾಯಲ್ಲೂ 'ಮೇಷ್ಟ್ರು, ಮೇಷ್ಟ್ರು'. "ಗಿಡ್ಡ ಸದ್ದಿನ ಚುಕ್ಕೆ ಎಷ್ಟು, ಉದ್ದ ಸದ್ದಿನ ಗೆರೆ ಎಷ್ಟು ಅಂತ ಎಣಿಸೋಕೆ ಹೋಗಬೇಡಿ. ಎಣಿಸಿದವನು ಕೆಟ್ಟ. ಹಾಡು ಕೇಳಿದ ಹಾಗೆ ಕೇಳಿ" ಎನ್ನುತ್ತಿದ್ದ. ನಾನು ಎಣಿಸುತ್ತಿದ್ದೆ. ಗುಂಡಿ ಎಣಿಸಿದ ಅಭ್ಯಾಸ. ಮೂರು ಚುಕ್ಕೆಯ ಎಸ್, ನಾಲ್ಕು ಚುಕ್ಕೆಯ ಎಚ್, ಐದು ಚುಕ್ಕೆಯ ಅಂಕಿ ಐದು ಸಾಲಾಗಿ ಬಂದರೆ ನನ್ನ ಕಿವಿಗೆ ಮೂರೂ ಒಂದೇ ತಾಯಿಯ ಮಕ್ಕಳು.

"ಏನಮ್ಮ ಗುಂಡಿ," ಎಂದು ಅವನೊಮ್ಮೆ ನನ್ನ ಕೆಲಸ ಹಿಡಿದು ಆಡಿಕೊಂಡ, "ಮೂರು ಹಾಕು ಅಂದ್ರೆ ಐದು ಹಾಕ್ತೀಯಲ್ಲ! ಗಿರಾಕಿ ಉಸಿರು ಕಟ್ಟಿ ಸಾಯ್ತಾನೆ ಅಷ್ಟೆ."

"ಸಾಯಲಿ ಬಿಡಿ ಸಾರ್" ಅಂದೆ.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ. ಅಂದಿನಿಂದ ಕ್ಲಬ್ಬಿನಲ್ಲಿ ನನ್ನ ಹೆಸರು ಗುಂಡಿ ಎಂದೇ ಆಯಿತು.

ಬರಬರುತ್ತ ಎಣಿಕೆ ತಾನಾಗಿ ಬಿಟ್ಟುಹೋಯಿತು. ಬಸ್ಸಿನ ಇಂಡಿಕೇಟರ್, ಸೋರುವ ನಲ್ಲಿ, ಪಕ್ಕದ ಯಂತ್ರದವಳ ಕೆಮ್ಮು, ಎಲ್ಲವೂ ಅಕ್ಷರವಾಗಿ ಕಿವಿಗೆ ಬೀಳತೊಡಗಿದವು. ಆಗ ಒಂದು ದಿನ ಅವನು ಹೇಳಿದ: "ಇವತ್ತು ಅಕ್ಷರ ಅಲ್ಲ, ಸಂಜ್ಞೆ. ಗೆರೆ ಚುಕ್ಕೆ ಗೆರೆ, ಡಾ ಡಿ ಡಾ ಅಂದ್ರೆ 'ಮುಂದುವರಿ, ನಿನ್ನ ಸರದಿ'. ಇನ್ನೊಂದು, ಗಮನ ಇಟ್ಟು ಕೇಳಿ." ಕೀ ಒತ್ತಿದ. ಡಿ ಡಾ ಡಿ ಡಿ ಡಿ.

ತಟ್ಟೆ, ಚಮಚ, ಮಂಚದ ಪಟ್ಟಿ.

"ಹಾಗಂದ್ರೆ 'ಕಾಯಿ'. ಇದು ಬಂದ ಮೇಲೆ ಎದುರಿನವನು ಬಾಯಿ ಮುಚ್ಕೊಂಡು ಕೂತಿರಬೇಕು. ಎಷ್ಟು ಹೊತ್ತಾದ್ರೂ ಸರಿ. ಅದೇ ಶಿಸ್ತು."

"ಕಾಯೋಕೆ ಹೇಳಿದವರು ಮರೆತುಬಿಟ್ರೆ ಸಾರ್?"

"ಮರೀಬಾರದು" ಎಂದು ಅವನು ನಕ್ಕ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು. "ಅಯ್ಯೋ, ನಾನು ಇಲಿ ಅಂತಿದ್ದೆನಲ್ಲೇ" ಎಂದಳು. ಸೆರಗು ಮುಖಕ್ಕೆ ಹಿಡಿದು ಕೂತಳು. ಆಮೇಲೆ ಕೇಳಿದಳು, "ಅವನಿಗೆ ನೀನು ಯಾರ ಮಗಳು ಅಂತ ಗೊತ್ತಾ?"

"ಇಲ್ಲ."

"ಕಲಿ ಹಾಗಾದ್ರೆ. ಚೆನ್ನಾಗಿ ಕಲಿ."

ಮೋರ್ಸ್ ಕಳಿಸುವವರಿಗೆ ಗಾಳಿಯಲ್ಲಿ ದನಿಯಿಲ್ಲ, ಕೈಯಿದೆ. ಒಬ್ಬ ಗಡಿಬಿಡಿಯಲ್ಲಿ ಚುಕ್ಕೆಗಳನ್ನು ಕೂಡಿಸಿಬಿಡುತ್ತಾನೆ, ಇನ್ನೊಬ್ಬ ಗೆರೆಯನ್ನು ಎಳೆಯುತ್ತಾನೆ. ವರ್ಷಗಟ್ಟಲೆ ಜೊತೆಗೆ ಕೆಲಸ ಮಾಡಿದವರು ಹೆಸರು ಕೇಳುವ ಮೊದಲೇ ಇಂಥವನ ಕೈ ಎಂದುಬಿಡುತ್ತಾರೆ. ಮೇಲಿನವರಿಗೆ ಈ ತಾಪತ್ರಯವಿಲ್ಲ. ಅವರು ಬಾಯಲ್ಲಿ ಹೇಳುತ್ತಾರೆ, ಕೆಳಗಿನವನು ಕೈಯಲ್ಲಿ ಮಾಡುತ್ತಾನೆ. ಬಾಯಿ ಮಾತು ಗಾಳಿಗೆ ಹೋಗುತ್ತದೆ, ಕೈಗೆ ಕೋಳ ಬೀಳುತ್ತದೆ. ಲೋಕದ ಎಷ್ಟು ಕಚೇರಿಗಳು ಇದೊಂದೇ ಏರ್ಪಾಡಿನ ಮೇಲೆ ನಿಂತಿವೆಯೋ!

ಮನೆಯಲ್ಲಿ ಕೂತು ಅಪ್ಪನ ಆ ಗೆರೆಯನ್ನು ಸಾಧಿಸಿದೆ. ಎಷ್ಟು ಎಳೆಯಬೇಕು, ಎಳೆದ ಮೇಲೆ ಎಷ್ಟು ಬಿಡಬೇಕು. ಅಮ್ಮ ಪಾತ್ರೆ ತೊಳೆಯುತ್ತಲೇ ತಿದ್ದುತ್ತಿದ್ದಳು: "ಇನ್ನೂ ಸ್ವಲ್ಪ ಎಳಿ. ನಿಮ್ಮಪ್ಪಂದು ಹಾಗಲ್ಲ." ತರಗತಿಯಲ್ಲಿ ಮಾತ್ರ ಅದನ್ನು ಬಚ್ಚಿಟ್ಟುಕೊಂಡು, ಅವನು ಕಲಿಸಿದ ಹಾಗೇ ಅಳೆದು ಒತ್ತುತ್ತಿದ್ದೆ. ಪರೀಕ್ಷೆ ಪಾಸಾಯಿತು, ಲೈಸೆನ್ಸ್ ಬಂತು. "ನಿನ್ನ ಕೈ ಬಂಗಾರದಂಥ ಕೈಯಮ್ಮ" ಎಂದು ಅವನೇ ಮೆಚ್ಚಿದ.

ಭಾನುವಾರ ಬೆಳಿಗ್ಗೆ ನಮ್ಮ ಕ್ಲಬ್ಬಿನ ರೇಡಿಯೋ ಕೂಟ ನಡೆಯುತ್ತದೆ, ಅದಕ್ಕೆ ನೆಟ್ ಅನ್ನುತ್ತಾರೆ. ಎಲ್ಲರೂ ತಮ್ಮ ತಮ್ಮ ಮನೆಯ ರೇಡಿಯೋದಿಂದ ಒಂದೇ ಅಲೆಯ ಮೇಲೆ ಸೇರುತ್ತಾರೆ. ಕ್ಲಬ್ಬಿನ ಕೋಣೆಯಲ್ಲಿ ಒಬ್ಬರು ಕೂತು ಯಾರ ಸರದಿ ಯಾವಾಗ ಎಂದು ನಡೆಸಿಕೊಡುತ್ತಾರೆ. ಆ ಕುರ್ಚಿ ಹೇಳಿದ ಹಾಗೆ ಎಲ್ಲರೂ ಕೇಳಬೇಕು. ಕುರ್ಚಿಯಲ್ಲಿ ಕೂರುತ್ತಿದ್ದವರು ಕ್ಲಬ್ಬಿನ ಕಾರ್ಯದರ್ಶಿ, ಕೆಳಗಿನ ಗಡಿಯಾರದಂಗಡಿಯವರು. ಅವರಿಗೆ ಬೆನ್ನುನೋವು ಶುರುವಾದ ಮೇಲೆ ಮೇಷ್ಟ್ರೇ ಹೇಳಿದನಂತೆ: "ಗುಂಡಿಗೆ ಕೊಡಿ. ಸ್ಥಿರವಾದ ಕೈ."

ಮೊದಲ ಭಾನುವಾರ ಅವನು ಕರೆದ. ನಾನು ಗಾಳಿಯಲ್ಲಿ ಅವನ ಹೆಸರಾದ ಕಾಲ್‌ಸೈನ್ ಕಳಿಸಿ, ಹಿಂದೆಯೇ ಕಳಿಸಿದೆ: ಕಾಯಿ. ಅಪ್ಪನ ಕೈಯಲ್ಲಿ.

ಅವನು ಕಾದ. ಶಿಸ್ತಿನ ಮೇಷ್ಟ್ರು, ಅವನ ಶಿಷ್ಯರೆಲ್ಲ ಕಿವಿಗೊಟ್ಟು ಕೂತಿದ್ದಾರೆ, ಕಾಯದೆ ಏನು ಮಾಡಿಯಾನು? ಉಳಿದವರಿಗೆಲ್ಲ ಒಬ್ಬೊಬ್ಬರಾಗಿ ಸರದಿ ಕೊಟ್ಟೆ. ಕೊಟ್ಟು ಮುಗಿಸಿ ನೆಟ್ ಮುಚ್ಚಿದೆ.

ಮುಂದಿನ ಭಾನುವಾರವೂ ಹಾಗೇ. ಅದರ ಮುಂದಿನದೂ. ಶಿಷ್ಯರು ಮೊದಲು ಮರೆವೆಂದುಕೊಂಡರು, ಆಮೇಲೆ ಕಿಸಕ್ಕೆಂದರು, ಆಮೇಲೆ ಸುಮ್ಮನಾದರು. ಅವನ ಕೈ ವಾರದಿಂದ ವಾರಕ್ಕೆ ಕೆಡುತ್ತಾ ಬಂತು. ತನ್ನದೇ ಕಾಲ್‌ಸೈನನ್ನು ತಪ್ಪಾಗಿ ಕಳಿಸುತ್ತಿದ್ದ. ಕೇಳಲು ಸುಖವಾಗಿತ್ತು. ಸುಳ್ಳು ಯಾಕೆ ಹೇಳಲಿ, ವಾರವಿಡೀ ಆ ಸುಖಕ್ಕಾಗಿ ನಾನು ಹಂಬಲಿಸುತ್ತಿದ್ದೆ.

"ಇನ್ನೂ ಕಾಯಿಸ್ತಿದೀಯಾ?" ಅಮ್ಮ ಒಲೆಯ ಮುಂದೆ ನಿಂತು ಕೇಳಿದಳು.

"ಹೂಂ."

"ಕಾಯಿಸು. ಉಕ್ಕೋವರೆಗೂ ಕಾಯಿಸು."

ಉಕ್ಕಿತು. ಒಂದು ಸಂಜೆ ನಾನು ಕ್ಲಬ್ಬಿನಲ್ಲಿ ಒಬ್ಬಳೇ ಇದ್ದಾಗ ಅವನು ಮೆಟ್ಟಿಲು ಹತ್ತಿ ಬಂದ. ಅಂಗಿಗೆ ಇಸ್ತ್ರಿಯಿರಲಿಲ್ಲ.

"ಆ ಗೆರೆ... ಹಾಗೆ ಎಳೀತಿದ್ದವನು ಒಬ್ಬನೇ. ನೀನು ಅವನ ಮಗಳಾ?"

"ಹೌದು ಸಾರ್."

ಅವನು ಕುರ್ಚಿ ಹಿಡಿದು ಕೂತ. "ಹಳೇ ಕಥೆಯಮ್ಮ ಅದು. ಮೇಲಿನವರನ್ನ ಕೇಳದೆ ಒಳಗೆ ಬಿಡೋ ಹಾಗಿರಲಿಲ್ಲ. ಫೋನು ಎತ್ತಲಿಲ್ಲ ಅವರು. ನಾನೇನು ಮಾಡ್ಲಿ?"

"ಕಾಯೋಕೆ ಹೇಳು ಅಂದಿದ್ದು ನಾನೇ ಅಂತ ವಿಚಾರಣೇಲಿ ಹೇಳಬಹುದಿತ್ತು."

"ನನಗೂ ಹೆಂಡತಿ ಮಕ್ಕಳಿದ್ರು."

"ನಮ್ಮಪ್ಪನಿಗೆ ನಾವೇನು ಬಾಡಿಗೆಗೆ ಬಂದಿದ್ವಾ ಸಾರ್?"

ಅವನು ಮುಖ ಒರೆಸಿಕೊಂಡ. "ಆಯ್ತು. ನಾನೇ ಹೇಳಿದ್ದು. ನಿಮ್ಮಪ್ಪಂದು ತಪ್ಪಿಲ್ಲ. ಸಾಕಾ? ಹೇಳಿದೆನಲ್ಲ, ಇನ್ನಾದ್ರೂ ಬಿಡು."

"ಸಾಕಾಗಲ್ಲ. ಅವತ್ತೂ ಬಾಯಲ್ಲೇ ಹೇಳಿದ್ರಿ. ಭಾನುವಾರ, ಎಲ್ಲರೂ ಕೇಳೋ ಹಾಗೆ, ನಿಮ್ಮ ಕೈಯಿಂದ ಕಳಿಸಿ. 'ಕಾಯಲು ಹೇಳಿದ್ದು ನಾನು.' ಆಮೇಲೆ ಪ್ರತಿ ವಾರ ನಿಮಗೇ ಮೊದಲ ಸರದಿ."

"ಎಂಬತ್ತು ತುಂಬುತ್ತೆ ನನಗೆ ಆ ದಿನ. ಎಲ್ಲೆಲ್ಲಿಂದಲೋ ಹಳಬರು ಶುಭಾಶಯ ಹೇಳೋಕೆ ಬರ್ತಾರೆ ನೆಟ್‌ಗೆ. ಅವರ ಮುಂದೆ..."

"ಅವರ ಮುಂದೆಯೇ."

ಅವನು ಎದ್ದು ಹೋದ.

ಆ ಭಾನುವಾರ ಅಲೆಯ ತುಂಬ ಜನ. ದೂರದೂರದ ಸ್ಟೇಷನ್ನುಗಳು, ಅಪ್ಪನ ಕಾಲದ ಮುದಿ ಕೈಗಳು. ಕಾರ್ಯದರ್ಶಿ ಬೆನ್ನಿಗೆ ಪಟ್ಟಿ ಬಿಗಿದುಕೊಂಡೇ ಮೇಲೆ ಬಂದು ನನ್ನ ಹಿಂದೆ ನಿಂತಿದ್ದರು. ಅವನು ಕರೆದ. 'ಎಲ್ಲರಿಗೂ ವಂದನೆ, ನನ್ನದೊಂದು ಮಾತಿದೆ' ಎಂದು ಕಳಿಸಿ ನಿಲ್ಲಿಸಿದ.

ಯಾವ ಮಾತು ಎಂದು ಕೇಳಿದೆ. 'ಕೃತಜ್ಞತೆಯ ಮಾತು' ಎಂದು ಬಂತು.

ಅಪ್ಪನ ಕೈಯಲ್ಲಿ ಕಳಿಸಿದೆ: ಕಾಯಿ. ಮುದಿ ಕೈಗಳು ಗಕ್ಕನೆ ನಿಂತವು. ಆಮೇಲೆ ದೂರದಿಂದ ಯಾರೋ ನಮ್ಮಪ್ಪನ ಹೆಸರು ಕಳಿಸಿ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟರು.

"ಏನಮ್ಮ ಇದು ತಮಾಷೆ!" ಕಾರ್ಯದರ್ಶಿ ನನ್ನ ಭುಜ ಅಲ್ಲಾಡಿಸಿದರು. "ಇವತ್ತಾದ್ರೂ ಅವರಿಗೆ ಸರದಿ ಕೊಡು."

"ಹೇಳಬೇಕಾದ್ದನ್ನ ಹೇಳಲಿ, ಕೊಡ್ತೀನಿ."

"ಅದೆಲ್ಲ ನನಗೆ ಗೊತ್ತಿಲ್ಲ. ವಯಸ್ಸಾದವರು. ಕೊಡು ಅಂದೆ."

"ಕೊಡಲ್ಲ."

"ಹಾಗಾದ್ರೆ ಏಳು ಕುರ್ಚಿಯಿಂದ."

"ಏಳಲ್ಲ" ಅಂದೆ.