ಹೂಂ ಅನ್ನದ ಹುಡುಗಿ

ತಿಕೋಟೆಯ ಪಿಂಜಾರ ಮೌಲಾಸಾಬನ ಮನೆಯಲ್ಲಿ ದೀಪಕ್ಕೆ ಎಣ್ಣೆ ಇರಲಿಲ್ಲ. ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಚಿಮಣಿ ಎಣ್ಣೆ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಹೊತ್ತು ಮುಳುಗಿ ಉಂಡಾದ ಮೇಲೆ ಅವನ ತಾಯಿ ದಾವಲಬಿ ಹಿಂಜಿದ ಅರಳೆಯ ಗಂಟಿಗೆ ಒರಗಿ ಮೊಮ್ಮಗಳು ಗುಲಶನಳಿಗೆ ಕಥೆ ಹೇಳುತ್ತಿದ್ದಳು.

"ಒಂದೂರಾಗ ಒಬ್ಬಾಕಿ ಮುದುಕಿ ಇದ್ಳಂತ."

ಕಥೆ ಕೇಳುವವರು ಮಾತಿಗೊಮ್ಮೆ "ಹೂಂ" ಅನ್ನಬೇಕು. ಅನ್ನದಿದ್ದರೆ ಹೇಳುವವರು ಮುಂದೆ ಹೋಗುವುದಿಲ್ಲ. ಆ ಕಡೆ ಮನೆಮನೆಯ ರೂಢಿ ಅದು. ಅಂದು ಹೂಂ ಬರಲಿಲ್ಲ.

"ಯಾಕ ಬೇ, ನಿದ್ದಿ ಬಂತೇನು?"

"ಇಲ್ಲ."

"ಮತ್ತ ಹೂಂ ಅನ್ನು. ಗ್ವಾಡಿಗೆ ಹೇಳ್ಲೇನು ಕಥಿ?"

ಗುಲಶನ ಕೈ ಹಿಂದಕ್ಕೆಳೆದುಕೊಂಡಳು. ದಾವಲಬಿ ಕತ್ತಲಲ್ಲೇ ಆ ಕೈ ಹಿಡಿದು ಬೆರಳು ಬಿಡಿಸಿದಳು. ಅಂಗೈ ಮೇಲೆ ಬಾಸುಂಡೆ ತಗಲಿತು.

ಹುಡುಗಿ ಅಳುತ್ತ ಹೇಳಿದಳು. ಸಾಲಿಯಲ್ಲಿ ಶಿವಶರಣಪ್ಪ ಮಾಸ್ತರರು ಹೊಸ ಪಾಠ ಓದುತ್ತಿದ್ದರು. ಅವರು ಒಂದು ಸಾಲು ಮುಗಿಸಿ ಉಸಿರೆಳೆದುಕೊಂಡಾಗ ಅವಳ ಬಾಯಿಂದ ತಾನಾಗಿಯೇ "ಹೂಂ" ಬಂದಿತ್ತು. ಹುಡುಗರು ನಕ್ಕರು. ಅಣಕಿಸಿದಳೆಂದು ತಿಳಿದು ಮಾಸ್ತರರು ಛಡಿ ಎತ್ತಿದರು.

"ಸಾಲಿ ಸಾಕು," ಎಂದ ಮೌಲಾಸಾಬ. "ನಾಳಿಂದ ಅರಳಿ ಬಿಡಸಾಕ ಕುಂದರ್ಲಿ."

"ನೀ ಸುಮ್ಮಕಿರು. ಕೇಳಿದಾಕಿನ್ನ ಹೊಡದಾರ! ನಾ ಹೋಗಿ ಬರತೇನಿ, ಆಮ್ಯಾಲ ನಿನ್ನ ಮಾತು."

ಮರುದಿನ ಮುಂಜಾನೆ ದಾವಲಬಿ ಮೊಮ್ಮಗಳ ಕೈ ಹಿಡಿದು ಸಾಲಿಯ ಬಾಗಿಲಲ್ಲಿ ನಿಂತಳು.

"ಮಾಸ್ತರ, ಈ ಕೈ ನೋಡ್ರಿ. ಕಥಿಗೆ ಅಂದಂಗ ಹೂಂ ಅಂದಾಳ, ಅಣಕಿಸಿಲ್ಲ."

"ನೋಡೀನವ್ವಾ," ಎಂದರು ಶಿವಶರಣಪ್ಪ ಬೇಸರದಿಂದ. "ದಿಪೋಟಿ ಸಾಹೇಬ್ರು ವಿಜಾಪುರದಿಂದ ಸಾಲಿ ತಪಾಸಣಿಗೆ ಬರೂರದಾರ. ಒಂದ ಖೋಲ್ಯಾಗ ನಾಕು ಇಯತ್ತೆ ಹುಡುಗ್ರು, ನಾ ಒಬ್ಬಾಂವ. ಪಾಠ ಬಾಯಿಪಾಠ ಆಗದಿದ್ರ ನನ್ನ ನೌಕರಿಗೆ ಸಂಚಕಾರ. ಇಲ್ಲಿ ನಿಮ್ಮ ಅಡಗೂಲಜ್ಜಿ ಕಥಿ ನಡಸಾಕ ಆಕ್ಕೈತೇನು?"

ಅವರು ಹೇಳಿದ್ದು ಸುಳ್ಳಲ್ಲ. ಅವರನ್ನು ಬರೀ ಕೆಟ್ಟವರೆಂದರೆ ತಪ್ಪಾದೀತು. ಆದರೆ ಅವರ ಕಷ್ಟಕ್ಕೆ ಒಂದು ಮಗುವಿನ ಅಂಗೈ ಯಾಕೆ ಬೇಕಿತ್ತು?

"ಉಳದಾವ್ರೆಲ್ಲಾ ಕೈ ಕಟ್ಟಿ ಕುಂತಿದ್ರು," ದಾವಲಬಿಯ ದನಿ ಏರಿತು. "ನಿಮ್ಮ ಪಾಠ ಖರೇನ ಕೇಳಿದಾಕಿ ಈಕಿ. ಈಕಿಗೇ ಬಡದ್ರಿ! ಎತ್ತಿಗೆ ನೀರು ಕುಡಿಸೂ ಮುಂದ ಸೈತ ರಮಿಸಿ ಸಿಳ್ಳಿ ಹೊಡೀತಾರ್ರೀ. ನೀವು ಮಕ್ಕಳು ಉಸರ ಬಿಟ್ರ ಛಡಿ ತಗೀತೀರಿ. ನಮ್ಮ ಮನ್ಯಾಗಿನ ಹೂಂ ಕಸಗೊಂಡೀರಿ. ತಿರುಗಿ ಕೊಡ್ರಿ. ಇಲ್ಲಾಂದ್ರ ಇವರಪ್ಪ ಇವತ್ತಽ ಸಾಲಿ ಬಿಡಸ್ತಾನ."

ಮಾಸ್ತರರ ಮುಖ ಕೆಂಪಾಯಿತು. ಪುಸ್ತಕ ತೆಗೆದು ಒಂದು ಸಾಲು ಓದಿ ನಿಲ್ಲಿಸಿದರು.

"ಹೂಂ ಅನ್ರೆಲೇ!"

ಯಾರೂ ಅನ್ನಲಿಲ್ಲ. ಮತ್ತೊಮ್ಮೆ ಗಟ್ಟಿಯಾಗಿ ಓದಿದರು. ಮಕ್ಕಳೆಲ್ಲ ಮೇಜಿನ ಮೇಲಿನ ಛಡಿಯನ್ನೇ ನೋಡುತ್ತಿದ್ದರು. ಪಾಠದ ಕಡೆ ಒಂದು ಕಣ್ಣೂ ಇರಲಿಲ್ಲ. ಮಾಸ್ತರರು ಆ ಕಣ್ಣುಗಳನ್ನು ಒಂದೊಂದಾಗಿ ನೋಡಿದರು. ನಿನ್ನೆಯೂ ಹೀಗೇ ಇದ್ದವೇನೋ. ಅವರು ಛಡಿ ತೆಗೆದು ಜಂತಿಗೆ ಸಿಕ್ಕಿಸಿದರು. ಆಮೇಲೆ ಪುಸ್ತಕವನ್ನು ಗುಲಶನಳ ಕೈಗೆ ಕೊಟ್ಟು ತಾವು ಹುಡುಗರ ಸಾಲಿನ ಕೊನೆಗೆ ನೆಲದ ಮೇಲೆ ಕುಳಿತರು.

"ನೀ ಓದವ್ವಾ."

ಗುಲಶನ ಅಜ್ಜಿಯನ್ನು ನೋಡಿದಳು. ಆಮೇಲೆ ಅಕ್ಷರದ ಮೇಲೆ ಬೆರಳಿಟ್ಟು ತಡೆದು ತಡೆದು ಓದಿದಳು.

"ಒಂದು ಊರಿನಲ್ಲಿ... ಒಬ್ಬ ಕುಂಬಾರನಿದ್ದನು."

ಓದಿ ನಿಂತುಬಿಟ್ಟಳು. ಕೇಳುವವರು ಕೇಳುತ್ತಿದ್ದಾರೆಂದು ತಿಳಿಯದೆ ಮುಂದೆ ಹೋಗುವುದು ಆ ಮನೆಯವರಿಗೆ ಗೊತ್ತಿರಲಿಲ್ಲ. ಹುಡುಗರು ಮಾಸ್ತರರ ಕಡೆ ನೋಡಿದರು. ದಾವಲಬಿ ಬಾಯಿ ತೆರೆದವಳು ಸೆರಗು ಅಡ್ಡ ಹಿಡಿದು ತಡೆದುಕೊಂಡಳು. ಈ ಹೂಂ ಅವಳು ಅನ್ನಬೇಕಾದದ್ದಾಗಿರಲಿಲ್ಲ.

ಮಾಸ್ತರರು ಗಂಟಲು ಸರಿಮಾಡಿಕೊಂಡರು.

"ಹೂಂ," ಎಂದರು.

ಗುಲಶನ ಎರಡನೆಯ ಸಾಲಿಗೆ ಬೆರಳಿಟ್ಟಳು.